ಮಣ್ಣಿನ ಮಾಳಿಗೆಯ ಕೆಳಗೆ ಎಂಟನೆಯ ತಿಂಗಳು

ನನ್ನ ಕುಬಸದ ದಿನ, ಎಲ್ಲರ ಎದುರಿಗೇ, ನಾನು ಮಣೆಯಿಂದ ಪಕ್ಕಕ್ಕೆ ವಾಲಿ ಬಿದ್ದೆ.

ಘೋಣಸಗಿಯ ನಮ್ಮ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಏಪ್ರಿಲ್ ಮುಗಿಯುತ್ತ ಬಂದಿತ್ತು. ನನಗೆ ಏಳು ತಿಂಗಳು, ಚೊಚ್ಚಲ ಬಸಿರಿನ ಸೀಮಂತ ಅದು. ಹಸಿರು ರೇಷ್ಮೆ ಸೀರೆ ಉಡಿಸಿ, ಕೈತುಂಬ ಹಸಿರು ಬಳೆ ಇಡಿಸಿ, ತಲೆಗೆ ಹೂವಿನ ದಂಡೆ ಕಟ್ಟಿ ಕೂರಿಸಿದ್ದರು. ಬೆಳಗಿನಿಂದ ತಲೆ ಸಿಡಿಯುತ್ತಿತ್ತು. ಮನೆ ತುಂಬ ಮಂದಿ ಇದ್ದಾಗ ತಲೆನೋವು ಎಂದು ಯಾರಿಗೆ ಹೇಳುವುದು ಎಂದು ಸುಮ್ಮನಿದ್ದೆ. ಆರತಿಯ ತಟ್ಟೆ ಮುಖದ ಹತ್ತಿರ ಬಂದದ್ದು ನೆನಪಿದೆ. ಹಾಡು ದೂರ ಹೋದಂತಾಯಿತು. ಆಮೇಲೆ ನನ್ನ ಅತ್ತೆ ಶಾಂತವ್ವ ನನ್ನ ಮುಖಕ್ಕೆ ನೀರು ಚಿಮುಕಿಸುತ್ತಿದ್ದರು, ಯಾರೋ ದೃಷ್ಟಿ ತೆಗೆಯಲು ಮೆಣಸಿನಕಾಯಿ ಹುಡುಕುತ್ತಿದ್ದರು.

"ಉಪಾಸ ಆಗಿರಬೇಕು, ಒಂದ ಹೋಳಿಗಿ ತಿನಸ್ರಿ," ಎಂದಿತು ಒಂದು ದನಿ.

ನನ್ನ ಅವ್ವ ನನ್ನ ಅಂಗಾಲು ಮುಟ್ಟಿ ನೋಡಿ, ನನ್ನ ಗಂಡ ಈರಣ್ಣನ ಕಡೆ ತಿರುಗಿ, "ಗಾಡಿ ತರಸ್ರಿ ಅಳಿಯಾರ," ಎಂದಳು. ಕುಬಸದ ಊಟ ನಡೆಯುತ್ತಿರುವಾಗಲೇ ನಾವು ವಿಜಯಪುರಕ್ಕೆ ಹೊರಟೆವು. ಬಳೆ, ದಂಡೆ, ರೇಷ್ಮೆ ಸೀರೆ ಎಲ್ಲ ಮೈಮೇಲೇ ಇದ್ದವು.

ಆಸ್ಪತ್ರೆಯ ಸ್ಕ್ಯಾನಿಂಗ್ ಕೋಣೆಯ ಹೊರಗೆ ಕೂರಲು ಉದ್ದನೆಯ ಬಾಕುಗಳಿದ್ದವು. ಹತ್ತಾರು ಬಸುರಿಯರು ನೀರಿನ ಬಾಟಲಿ ಹಿಡಿದು ಕುಳಿತಿದ್ದರು. ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಮದುವಣಗಿತ್ತಿಯಂತೆ ಅಲಂಕರಿಸಿಕೊಂಡು ಬಂದ ನನ್ನನ್ನು ಎಲ್ಲರೂ ಒಮ್ಮೆ ನೋಡಿದರು, ಆಮೇಲೆ ಅರ್ಥವಾಗಿ ಕಣ್ಣು ತಪ್ಪಿಸಿದರು. ಒಬ್ಬಾಕೆ ಸರಿದು ಜಾಗ ಕೊಟ್ಟಳು. ಗಂಡಸರು ಹೊರಗೆ ಬೇವಿನ ಗಿಡದ ಕೆಳಗೆ ನಿಂತಿದ್ದರು. ಒಳಗಿನಿಂದ ಹೆಸರು ಕೂಗಿದಾಗಲೆಲ್ಲ ಎಲ್ಲರ ಬೆನ್ನೂ ಒಮ್ಮೆ ನೆಟ್ಟಗಾಗುತ್ತಿತ್ತು.

ಡಾಕ್ಟರಬಾಯಿ ನಡುವಯಸ್ಸಿನವರು. ತೆರೆಯ ಮೇಲಿನ ಚಿತ್ರ ನೋಡುತ್ತಲೇ ಕೇಳಿದರು. "ದಿನಾ ನೀರ ಎಷ್ಟ ಕುಡೀತೀರಿ?"

"ನೀರಡಿಕಿ ಆದಾಗ ಕುಡೀತೇನ್ರಿ."

"ಏನ ಕೆಲಸಾ ನಿಮ್ದು?"

"ತಿಕೋಟಾದಾಗ ಹೈಸ್ಕೂಲಿಗೆ ಕಲಸತೇನ್ರಿ. ಅತಿಥಿ ಶಿಕ್ಷಕಿ."

"ಸಾಲ್ಯಾಗ ಇದ್ದಾಗ ನೀರ ಕುಡೀತೀರೇನು?"

ಇಲ್ಲ ಎಂದೆ. ಶಾಲೆಯ ಶೌಚಾಲಯದಲ್ಲಿ ಬೇಸಿಗೆಯಲ್ಲಿ ನೀರು ಇರುತ್ತಿರಲಿಲ್ಲ. ಬೆಳಿಗ್ಗೆ ಬಸ್ಸು ಹತ್ತುವ ಮೊದಲು ಒಂದು ಲೋಟ, ಸಂಜೆ ಮನೆಗೆ ಬಂದ ಮೇಲೆ ಉಳಿದದ್ದು. ನಾವು ಶಿಕ್ಷಕಿಯರು ಎಲ್ಲರೂ ಹಾಗೇ ಮಾಡುತ್ತಿದ್ದೆವು. ಅದರ ಬಗ್ಗೆ ನಾವು ಒಬ್ಬರಿಗೊಬ್ಬರು ಮಾತನಾಡಿದ್ದೂ ಕಡಿಮೆ. ಬಾಗಿಲ ಬಳಿ ನಿಂತಿದ್ದ ಈರಣ್ಣನಿಗೆ ಇದು ಹೊಸ ಸಂಗತಿಯಾಗಿತ್ತು. ಅವನು ನನ್ನ ಕಡೆ ನೋಡಿದ.

ಮಗುವಿನ ಸುತ್ತ ಇರಬೇಕಾದ ನೀರು ಕಡಿಮೆಯಾಗಿದೆ, ಮೂತ್ರದಲ್ಲಿ ಸೋಂಕಿದೆ, ಮಗು ತಿಂಗಳಿಗೆ ತಕ್ಕಂತೆ ಬೆಳೆದಿಲ್ಲ ಎಂದರು ಡಾಕ್ಟರಬಾಯಿ. ಅಡ್ಮಿಟ್ ಆಗಬೇಕು.

ಮರುದಿನ ಅತ್ತೆ ಬಂದರು. ಕುಬಸದ ಉಳಿದ ಹೋಳಿಗೆಯನ್ನು ಡಬ್ಬಿಯಲ್ಲಿ ಕಟ್ಟಿಕೊಂಡು ಬಂದಿದ್ದರು. ಡಾಕ್ಟರಬಾಯಿ ರೌಂಡ್ಸಿಗೆ ಬಂದಾಗ ಅತ್ತೆ ಅವರನ್ನು ನೇರವಾಗಿ ಕೇಳಿದರು.

"ನಾವೂ ಹಡದೀವ್ರಿ. ಜ್ವಾಳಾ ಕೊಯ್ಯೂ ಮುಂದ ಹೊಲದಾಗ ನನಗ ಬ್ಯಾನಿ ಬಂದಿತ್ತು. ನೀರ ಕಡಿಮಿ ಅಂತ ಯಾರೂ ಅನ್ನಲಿಲ್ಲ. ಹೊಟ್ಟ್ಯಾಗಿನ ನೀರ ಎಲ್ಲಿ ಹೋಗತೈತ್ರಿ?"

"ಆಯಿ, ನೀವು ಹಡದಾಗಿನ ಬಿಸಲ ಇಷ್ಟ ಇತ್ತೇನು?"

ಅತ್ತೆ ಒಪ್ಪಿಕೊಂಡಂತೆ ಕಾಣಲಿಲ್ಲ. ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು ಕಿಟಕಿಯ ಕಡೆ ಹೋಗಿ ನಿಂತರು.

ನನ್ನ ಪಕ್ಕದ ಹಾಸಿಗೆಯಲ್ಲಿ ಅರಕೇರಿಯ ಲಗಮವ್ವ ಇದ್ದಳು. ನನಗಿಂತ ಸಣ್ಣವಳು, ಆದರೆ ಅದು ಅವಳ ಮೂರನೆಯ ಬಸಿರು. ಕುರಿ ಸಾಕುವ ಮನೆ. ಆ ಬೇಸಿಗೆಯಲ್ಲೂ ಕುರಿಗಳ ಹಿಂದೆ ಹೋಗುತ್ತಿದ್ದಳಂತೆ. ನನಗೆ ಸಲೈನ್ ಹಚ್ಚಿದ್ದರು, ಎಡಮಗ್ಗುಲಾಗಿ ಮಲಗಬೇಕಿತ್ತು. ಹಾಗೆ ಮಲಗಿದರೆ ಅವಳ ಮುಖ ಕಾಣುತ್ತಿತ್ತು.

"ನಿಂದು ಹೊರಳತೈತೇನಕ್ಕಾ?" ಎಂದು ಕೇಳಿದಳು.

"ಹೊರಳತೈತಿ."

"ನಂದು ನಿನ್ನಿಯಿಂದ ಸುಮ್ಮನ ಐತಿ."

ಅವಳು ಅದನ್ನು ಸಣ್ಣ ಸುದ್ದಿ ಹೇಳುವಂತೆ ಹೇಳಿದಳು. ಅವಳನ್ನು ಸ್ಕ್ಯಾನಿಂಗಿಗೆ ಕರೆದುಕೊಂಡು ಹೋದರು. ತಿರುಗಿ ಬಂದವಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಅವಳ ತಾಯಿ ಹಾಸಿಗೆಯ ಕೆಳಗೆ, ನೆಲದ ಮೇಲೆ ಕುಳಿತು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಮುಂದೆ ಆದದ್ದನ್ನು ನಾನು ಕಣ್ಣಿನಿಂದ ನೋಡಲಿಲ್ಲ. ಅವಳನ್ನು ಹೆರಿಗೆ ಕೋಣೆಗೆ ಒಯ್ದರು. ಅಲ್ಲಿಂದ ಬೇರೆ ಕೂಸುಗಳ ಅಳು ಕೇಳುತ್ತಿತ್ತು.

ತಾನು ಮನೆಗೆ ಹೋಗುವ ದಿನ ಲಗಮವ್ವ ನನ್ನ ಮಂಚದ ಅಂಚಿಗೆ ಬಂದು ಕುಳಿತಳು. ಹಣೆಗೆ ವಿಭೂತಿ ಹಚ್ಚಿಕೊಂಡಿದ್ದಳು.

"ಈ ಸಲ ನಮ್ಮ ಕುರಿನೂ ಭಾಳ ಕಂದ ಹಾಕಿದ್ವು. ಹೊಟ್ಟ್ಯಾಗಿನ ಮರಿ ಸತ್ತ ಬಿದ್ದಾವ," ಎಂದಳು. "ಗಬ್ಬ ಇದ್ದ ಕುರಿ ಅಷ್ಟ ಆರಿಸಿ ನೆಳ್ಳಿಗೆ ಕಟ್ಟಿ, ನೀರ ಇಟ್ಟ ಹೋಗತಿದ್ದೆ. ಉಳದವನ್ನ ಹೊಡಕೊಂಡು ನಾ ಬಿಸಲಿಗಿ ಹೋಗತಿದ್ದೆ." ಮಂಚದಿಂದ ಎದ್ದು, "ನೀ ನೀರ ಕುಡಿ," ಎಂದು ಹೋದಳು.

ಅಲ್ಲಿಯವರೆಗೆ ನನಗೆ ಹೆದರಿಕೆ ಆಗಿರಲಿಲ್ಲ. ಕಾಯಿಲೆಗೊಂದು ಹೆಸರಿದೆ, ಔಷಧವಿದೆ, ಕಡಿಮೆಯಾಗುತ್ತದೆ ಎಂದುಕೊಂಡಿದ್ದೆ. ಅವಳ ಖಾಲಿ ಹಾಸಿಗೆಯ ಮೇಲೆ ಹೊಸ ಚಾದರ ಹಾಸುವುದನ್ನು ನೋಡುತ್ತಿದ್ದಾಗ ಹೆದರಿಕೆ ಬಂತು. ಅದು ಮುಂದೆ ಹೆರಿಗೆಯವರೆಗೂ ಜೊತೆಗಿತ್ತು.

ಸೋಂಕು ಇಳಿಯಿತು, ನೀರು ಒಂದಿಷ್ಟು ಏರಿತು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕಾದ್ದರಿಂದ ನನ್ನನ್ನು ಬಬಲೇಶ್ವರಕ್ಕೆ ಕರೆದುಕೊಂಡು ಹೋದರು. ನಮ್ಮದು ಪತ್ರಾಸಿನ ಮನೆ. ಮದುವೆಗೆ ಮೊದಲು ಅದೇ ತಗಡಿನ ಕೆಳಗೆ ಕುಳಿತು ಓದಿ ಪರೀಕ್ಷೆ ಪಾಸು ಮಾಡಿದ್ದೆ, ಅದು ಕಾಯುತ್ತದೆ ಎಂದು ಆಗ ಗಮನಿಸಿರಲಿಲ್ಲ. ಈಗ ಹನ್ನೊಂದು ಹೊಡೆಯುವುದರೊಳಗೆ ಮೇಲಿನಿಂದ ಯಾರೋ ಕೈ ಒತ್ತಿ ಹಿಡಿದಂತೆ ಆಗುತ್ತಿತ್ತು. ಅಪ್ಪ ಏಣಿ ಹಾಕಿ ತಗಡಿನ ಮೇಲೆ ಕೊಡಗಟ್ಟಲೆ ನೀರು ಸುರಿಯುತ್ತಿದ್ದ. ನೀರು ಬಿದ್ದ ಕೂಡಲೇ ಚುಂಯ್ ಎಂದು ಆವಿಯಾಗುತ್ತಿತ್ತು. ಅವ್ವ ಗೋಣಿಚೀಲ ತೋಯಿಸಿ ಕಿಟಕಿಗೆ ಕಟ್ಟಿದಳು. ಈರಣ್ಣ ಒಂದು ಕೂಲರ್ ತಂದಿಟ್ಟು ಹೋದ. ಆದರೆ ಮಧ್ಯಾಹ್ನ ಕರೆಂಟು ಇರುತ್ತಿರಲಿಲ್ಲ, ಇದ್ದಾಗ ಅದು ಬಿಸಿ ಹಬೆಯನ್ನೇ ಊದುತ್ತಿತ್ತು. ಅವ್ವನ ಮನಸ್ಸು ನೋಯುತ್ತದೆಂದು ಕೂಲರಿನ ಮುಂದೆ ತಂಪಾಗಿದೆ ಎನ್ನುತ್ತಿದ್ದೆ.

ಮುಂದಿನ ತಪಾಸಣೆಗೆ ಅವ್ವ, ಅತ್ತೆ ಇಬ್ಬರೂ ಬಂದಿದ್ದರು. ನೀರು ಮತ್ತೆ ಇಳಿದಿತ್ತು. ಡಾಕ್ಟರಬಾಯಿ ಸ್ಕ್ಯಾನಿಂಗ್ ಕಾಗದ ಕೆಳಗಿಟ್ಟು, "ನಿಮ್ಮ ಮನಿ ಮ್ಯಾಲ ಏನೈತಿ?" ಎಂದು ಕೇಳಿದರು. ನಮಗೆ ಮೊದಲು ಪ್ರಶ್ನೆಯೇ ತಿಳಿಯಲಿಲ್ಲ.

"ಪತ್ರಾಸ್ರಿ," ಎಂದಳು ಅವ್ವ.

"ಗಂಡನ ಮನಿ?"

"ಸ್ಲ್ಯಾಬ್ರಿ," ಎಂದರು ಅತ್ತೆ.

"ಎರಡೂ ಬ್ಯಾಡ. ನೆಳ್ಳ ಇದ್ದದ್ದು, ತಂಪ ಇದ್ದದ್ದು ಒಂದ ಕೋಣಿ ನೋಡ್ರಿ. ಔಷಧಾ ನಾ ಕೊಡತೇನಿ, ಕೋಣಿ ನೀವ ಹುಡಕಬೇಕು."

ಹೊರಗೆ ಬಂದ ಮೇಲೆ ಅವ್ವ ಬಾಕಿನ ಮೇಲೆ ಕುಳಿತು ಅತ್ತಳು. "ಮಗಳಿಗಿ ಒಂದ ಬಾಣಂತನಾ ಮಾಡಾಕ ನನ್ನ ಮನಿ ಲಾಯಕ್ ಇಲ್ಲಂದಂಗಾತು," ಎಂದಳು. ಹಾಗಲ್ಲ ಎಂದು ನಾನು ಹೇಳಬೇಕಿತ್ತು. ಆಯಾಸವಾಗಿತ್ತು. ಅತ್ತೆಯೂ ಸಮಾಧಾನ ಹೇಳಲಿಲ್ಲ. ಏನನ್ನೋ ಯೋಚಿಸುತ್ತಿದ್ದರು.

ಇಲ್ಲಿ ನಮ್ಮ ಮನೆಯ ವಿಷಯ ಸ್ವಲ್ಪ ಹೇಳಬೇಕು. ಘೋಣಸಗಿಯ ನಮ್ಮ ಮನೆ ಮೊದಲು ಒಂದೇ ದೊಡ್ಡ ಮಣ್ಣಿನ ಮಾಳಿಗೆಯ ಮನೆಯಾಗಿತ್ತು. ದಪ್ಪ ಗೋಡೆ, ತೊಲೆಗಳ ಮೇಲೆ ಹಲಗೆ, ಅದರ ಮೇಲೆ ಮೊಣಕಾಲೆತ್ತರ ಮಣ್ಣು. ಮಾವ ಮತ್ತು ಅವರ ತಮ್ಮ ಬೇರೆಯಾದಾಗ ನಡುವೆ ಪಾಲು ಮಾಡಿಕೊಂಡರು. ನಮ್ಮವರು ತಮ್ಮ ಪಾಲನ್ನು ಕೆಡವಿ ಸ್ಲ್ಯಾಬ್ ಹಾಕಿಸಿದರು. ಕೆಡವುವಾಗ ಅತ್ತಕಡೆಯ ಗೋಡೆ ಬಿರುಕು ಬಿಟ್ಟಿತು. ಆ ಬಿರುಕಿನ ಮೇಲೆ ಜಗಳವಾಗಿ ಅತ್ತೆಗೂ ಅವರ ನೆಗೆಣ್ಣಿ, ಅಂದರೆ ಆ ತಮ್ಮನ ಹೆಂಡತಿ ಗುರವ್ವನಿಗೂ ಮಾತು ನಿಂತಿತು. ನಾನು ಮದುವೆಯಾಗಿ ಬರುವ ಹೊತ್ತಿಗೆ ಅದು ಹಳೆಯ ಜಗಳ. ಗುರವ್ವನನ್ನು ನಾನು ಸಣ್ಣತ್ತೆ ಎಂದು ಕರೆಯಬೇಕಿತ್ತು, ಆದರೆ ಕರೆಯುವ ಸಂದರ್ಭ ಬಂದಿರಲಿಲ್ಲ. ಕುಬಸಕ್ಕೂ ಅವರಿಗೆ ಹೇಳಿರಲಿಲ್ಲ.

ವಿಜಯಪುರದಿಂದ ನಾವು ಟಂಟಂ ಗಾಡಿ ಮಾಡಿಕೊಂಡು ಘೋಣಸಗಿಗೆ ಬಂದೆವು. ನಮ್ಮ ಬಾಗಿಲು ದಾಟಿದ ಮೇಲೆ ಅತ್ತೆ, "ಇಲ್ಲಿ ನಿಲ್ಲಸಪಾ," ಎಂದರು. ಸಣ್ಣತ್ತೆಯ ಮನೆಯ ಮುಂದೆ ಗಾಡಿ ನಿಂತಿತು. ಅತ್ತೆ ಇಳಿದು ಹೊಸ್ತಿಲ ಹೊರಗೆ ನಿಂತರು.

"ಗುರವ್ವಾ."

ಸಣ್ಣತ್ತೆ ಬಂದರು. ರೊಟ್ಟಿ ಬಡಿಯುತ್ತಿದ್ದರೇನೋ, ಕೈಯೆಲ್ಲ ಹಿಟ್ಟು. "ಏನು?"

"ಹುಡಿಗಿಗಿ ತಂಪ ಜಾಗಾ ಬೇಕಂತ. ಹೊಟ್ಟ್ಯಾಗಿನ ನೀರ ಆರಾಕತ್ತೈತಿ. ನನ್ನ ಮನಿ ಹಂಚಿನಂಗ ಕಾಯತೈತಿ."

"ಚಂದಾಗಿ ಸ್ಲ್ಯಾಬ್ ಹಾಕಿಸಿದೆಲ್ಲ."

"ಹಾಕಿಸೇನಿ."

"ಕೆಡವೂ ಮುಂದ ನನ್ನ ಗ್ವಾಡಿ ಬಿರತು. ಒಂದ ದಿನಾ ಬಂದ ನೋಡಿದಿ?"

"ನೋಡಲಿಲ್ಲ."

ಟಂಟಂನ ಡ್ರೈವರ್ ಇಂಜಿನ್ ಆರಿಸಿದ. ಸಣ್ಣತ್ತೆ ಹಿಟ್ಟಿನ ಕೈಯನ್ನು ಒಂದಕ್ಕೊಂದು ತಿಕ್ಕಿಕೊಂಡರು. ಆಮೇಲೆ ಬಾಗಿಲಿನಿಂದ ಪಕ್ಕಕ್ಕೆ ಸರಿದು, "ಈಗರ ಬಂದ ನೋಡು," ಎಂದರು. ನನ್ನ ಕಡೆ ತಿರುಗಿ, "ಇಳಿಯವ್ವಾ, ಬಿಸಲಾಗ ಎಷ್ಟ ಹೊತ್ತ ಕುಂದರ್ತಿ," ಎಂದರು.

ಒಳಗೆ ಕಾಲಿಟ್ಟಾಗ ನನಗೆ ಮೊದಲು ಏನೂ ಕಾಣಲಿಲ್ಲ. ಅಷ್ಟು ಕತ್ತಲು. ಮಾಳಿಗೆಯ ಬೆಳಕಿಂಡಿಯಿಂದ ಒಂದು ಕೋಲು ಬಿಸಿಲು ಕೆಳಗೆ ಬಿದ್ದಿತ್ತು. ಸಗಣಿ ಸಾರಿಸಿದ ನೆಲ ಅಂಗಾಲಿಗೆ ತಣ್ಣಗಿತ್ತು. ಸಣ್ಣತ್ತೆ ಜೋಳದ ಚೀಲಗಳನ್ನು ಒಂದು ಮೂಲೆಗೆ ಸರಿಸಿ ಹೊರಸು ಹಾಕಿದರು. ಎಡಮಗ್ಗುಲಾಗಿ ಮಲಗಿದಾಗ ಎದುರಿಗೆ ಆ ಬಿರುಕೇ ಕಾಣುತ್ತಿತ್ತು. ಕೆಸರು, ಹಳೆಯ ಬಟ್ಟೆ ತುರುಕಿ ಮುಚ್ಚಿದ್ದರು. ನಾನು ನಿದ್ದೆಹೋದೆ. ಕುಬಸದ ದಿನದಿಂದ ಅಂಥ ನಿದ್ದೆ ಬಂದಿರಲಿಲ್ಲ.

ಎಂಟನೆಯ ತಿಂಗಳನ್ನು ನಾನು ಕಳೆದದ್ದು ಆ ಕೋಣೆಯಲ್ಲಿ. ಅವ್ವ ಹಾಸಿಗೆಯ ಸುರುಳಿ ತೆಗೆದುಕೊಂಡು ಬಬಲೇಶ್ವರದಿಂದ ಬಂದಳು. ಬೀಗರ ಊರಿನಲ್ಲಿ, ಅದೂ ಬೀಗರು ಮಾತಾಡದವರ ಮನೆಯಲ್ಲಿ ಮಗಳ ಚಾಕರಿ ಮಾಡುವುದು ಅವಳಿಗೆ ಕಷ್ಟವಾಗಿತ್ತು. ಮೊದಮೊದಲು ನೀರು ಬೇಕಾದರೂ ಕೇಳುತ್ತಿರಲಿಲ್ಲ. ಸಣ್ಣತ್ತೆಯೇ ಒಂದು ದಿನ ಅವಳ ಕೈಗೆ ಮೊರ ಕೊಟ್ಟು, "ಸುಮ್ಮನ ಕುಂತ್ರ ಮನಶ್ಯಾಗ ಹುಚ್ಚ ಹಿಡಿತೈತಿ, ಜ್ವಾಳಾ ಹಸನ ಮಾಡ್ರಿ," ಎಂದರು. ಅಂದಿನಿಂದ ಅವ್ವ ಸಲೀಸಾದಳು.

ಅತ್ತೆ ದಿನವೂ ಅಂಬಲಿ, ಮಜ್ಜಿಗೆ ತರುತ್ತಿದ್ದರು. ಹೊಸ್ತಿಲಲ್ಲಿ ಆಡಿದ ಆ ನಾಲ್ಕು ಮಾತು ಬಿಟ್ಟರೆ ಅತ್ತೆ ಮತ್ತು ಸಣ್ಣತ್ತೆ ಒಂದೇ ಕೋಣೆಯಲ್ಲಿದ್ದರೂ ನೇರವಾಗಿ ಮಾತಾಡುತ್ತಿರಲಿಲ್ಲ. ಎಲ್ಲವೂ ನನ್ನ ಮೂಲಕವೇ ಹೋಗಬೇಕಿತ್ತು.

"ಆಕಿಗಿ ಹೇಳು, ಮಜ್ಜಿಗಿಗಿ ಉಪ್ಪ ಹೆಚ್ಚಾಗೈತಿ."

"ಬಿಸಲಾಗ ಬಸಿರಾದವರು ಉಪ್ಪ ತಿನಬೇಕಂತ ಡಾಕ್ಟರ್ ಹೇಳ್ಯಾರ ಅಂತ ಹೇಳು ಆಕಿಗಿ."

ಡಾಕ್ಟರ್ ಹಾಗೆ ಹೇಳಿರಲಿಲ್ಲ. ನಾನು ನಡುವೆ ಮಲಗಿಕೊಂಡು ಯಾರ ಮಾತನ್ನೂ ದಾಟಿಸುತ್ತಿರಲಿಲ್ಲ, ಅಗತ್ಯವೂ ಇರಲಿಲ್ಲ.

ಊಟವಾದ ಮೇಲೆ ಮಲಗಿ ಮಗು ಒದೆಯುವುದನ್ನು ಗಮನಿಸಬೇಕಿತ್ತು. ಬಸುರಿಯರಿಗೆ ಹೊಟ್ಟೆಯ ಕೂಸಿನ ಮೇಲೆ ಉಕ್ಕುವ ಪ್ರೀತಿಯ ಬಗ್ಗೆ ಕೇಳಿದ್ದೇನೆ. ನನಗೆ ಆಗ ಅಂಥದ್ದೇನೂ ಅನಿಸಲಿಲ್ಲ. ನಾನು ಕಾವಲು ಕಾಯುತ್ತಿದ್ದೆ. ಅದು ಒದ್ದರೆ ಒಂದು ಗುಟುಕು ನೀರು ಕುಡಿಯುತ್ತಿದ್ದೆ, ಒದೆಯದಿದ್ದರೆ ಎರಡು ಗುಟುಕು ಕುಡಿದು ಕಾಯುತ್ತಿದ್ದೆ. ಈಗ ಅನಿಸುತ್ತದೆ, ಪ್ರೀತಿ ಎನ್ನುವುದು ನನ್ನ ಪಾಲಿಗೆ ಆ ರೂಪದಲ್ಲಿಯೇ ಬಂದಿತ್ತೇನೋ. ಆಗ ಹಾಗೆ ಗೊತ್ತಿರಲಿಲ್ಲ.

ಈರಣ್ಣ ಸಂಜೆ ಬರುತ್ತಿದ್ದ. ದ್ರಾಕ್ಷಿ ತೋಟದ ಕೆಲಸ ಮುಗಿಸಿ ಮೈಯೆಲ್ಲ ಧೂಳಾಗಿ ಬಂದು ಹೊಸ್ತಿಲ ಮೇಲೆ ಕೂರುತ್ತಿದ್ದ. ಒಂದು ದಿನ ಅವನು ನಮ್ಮ ಶಾಲೆಯ ಹೆಡ್‌ಮಾಸ್ತರರನ್ನು ಕಂಡು ಬಂದೆನೆಂದು ಹೇಳಿದ.

"ಯಾಕ?"

"ಸಂಡಾಸಕ್ಕ ನೀರಿನ ಟಾಕಿ ಕೂಡಸ್ರಿ ಅಂತ ಹೇಳಿ ಬಂದೆ."

"ನೀವ ಹೇಳಿದ್ರಿ?"

"ಹೂಂ. ಅವರಿಗೆ ಭಾಳ ನಾಚಿಕಿ ಆತು. ನನಗೂ ಆತು."

ನಾವಿಬ್ಬರೂ ನಕ್ಕೆವು. ಆ ತಿಂಗಳಲ್ಲಿ ನಾವು ಸೇರಿ ನಕ್ಕದ್ದು ಅದೊಂದೇ ಸಲ ಎಂದು ನೆನಪು.

ಮಗುವಿನ ಸುತ್ತಲ ನೀರು ಇಳಿಯುವುದು ನಿಂತಿತು, ಸ್ವಲ್ಪ ಏರಿತು ಕೂಡ. ಆದರೆ ಬೆಳವಣಿಗೆ ಹಿಂದೆಯೇ ಉಳಿಯಿತು. ಒಳಗಿದ್ದು ಬೆಳೆಯುತ್ತದೋ, ಹೊರಗೆ ತೆಗೆದು ಬೆಳೆಸಬೇಕೋ ಎಂದು ಡಾಕ್ಟರಬಾಯಿ ಪ್ರತಿ ಸಲ ಲೆಕ್ಕ ಹಾಕುತ್ತಿದ್ದರು. ಮಗುವಿನ ಶ್ವಾಸಕೋಶ ಬಲಿಯಲೆಂದು ನನಗೆ ಇಂಜೆಕ್ಷನ್ ಕೊಟ್ಟಿಟ್ಟಿದ್ದರು. ಮೇ ತಿಂಗಳ ಕೊನೆಗೆ ಒಂದು ಬೆಳಿಗ್ಗೆ ನಾಷ್ಟಾ ಆದ ಮೇಲೆ ಮಲಗಿ ಕಾದೆ. ಒದೆತ ಬರಲಿಲ್ಲ. ನೀರು ಕುಡಿದೆ. ಮಗ್ಗುಲು ಬದಲಿಸಿದೆ. ಅವ್ವನ ಕಡೆ ತಿರುಗಿದೆ. ಅವಳು ನನ್ನ ಮುಖ ನೋಡಿಯೇ ಎದ್ದಳು.

"ಶಾಂತವ್ವಾ!" ಎಂದು ಸಣ್ಣತ್ತೆ ಗೋಡೆಯ ಆಚೆಗೆ ಕೇಳುವಂತೆ ಕೂಗಿದರು. "ಗಾಡಿ ತರಸ, ಲಗೂನ!"

ಅವರಿಬ್ಬರ ನಡುವಿನ ಮೌನ ಹೀಗೆ ಮುಗಿಯಿತು. ಅದನ್ನು ಗಮನಿಸುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಆಪರೇಷನ್ ಮಾಡಿದರು. ಹೆಣ್ಣುಮಗು. ಅತ್ತಿತು, ಆದರೆ ಬೆಕ್ಕಿನ ಮರಿಯಂತೆ ಸಣ್ಣಗೆ. ನನಗೆ ತೋರಿಸಿದ್ದು ಒಂದು ಕ್ಷಣ, ನೇರಳೆ ಬಣ್ಣದ ಒಂದು ಪಾದ ಅಷ್ಟೇ ನೆನಪಿದೆ. ಆಮೇಲೆ ಅವಳನ್ನು ಬಿಸಿ ಕೊಡುವ ದೀಪದ ಕೆಳಗೆ ಮಲಗಿಸಿದರು. ಅವ್ವ ಗಾಜಿನ ಆಚೆಯಿಂದ ನೋಡಿ ಬಂದು ಸಿಸ್ಟರನ್ನು ಹಿಡಿದು ನಿಲ್ಲಿಸಿದಳಂತೆ. "ಇಷ್ಟ ದಿನಾ ಬಿಸಲಿಗಿ ಅಂಜಿ ಓಡ್ಯಾಡೇವಿ. ನೀವು ಮತ್ತ ಕೂಸಿನ್ನ ಕಾಸಾಕತ್ತೀರೆಲ್ಲ ತಾಯಿ?"

"ಸಣ್ಣ ಕೂಸಿಗಿ ತನ್ನ ಮೈ ತಾನ ಬೆಚ್ಚಗ ಇಟಗೊಳ್ಳಾಕ ಬರೂದಿಲ್ರಿ," ಎಂದಳಂತೆ ಆಕೆ.

ಎದೆಯ ಹಾಲು ಹಿಂಡಿ ಚಮಚದಲ್ಲಿ ಕುಡಿಸುತ್ತಿದ್ದರು. ಕೆಲವು ದಿನಗಳ ನಂತರ ಮಗುವನ್ನು ನನ್ನ ಎದೆಯ ಮೇಲೆ, ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿದರು. ಹೊರಗೆ ಆ ವರ್ಷದ ಮೊದಲ ಮಳೆ ಬಂತು. ವಾರ್ಡಿನಲ್ಲಿದ್ದವರೆಲ್ಲ ಕಿಟಕಿಗೆ ಹೋದರು. ನಾನು ಅಲುಗಾಡಲಿಲ್ಲ.

ಬಿಡುಗಡೆಯ ದಿನ ಡಾಕ್ಟರಬಾಯಿಗೆ ಕೇಳಿದೆ. "ಇದೆಲ್ಲಾ ಬಿಸಲಿನಿಂದನ ಆತೇನ್ರಿ?"

"ಬಿಸಲಿನಿಂದನ ಆತು ಅಂತ ನಿಮ್ಮೊಬ್ಬರ ವಿಷಯದಾಗ ನಾ ಹೇಳಾಕ ಬರೂದಿಲ್ಲ," ಎಂದರು. "ಸೋಂಕ ಇತ್ತು, ನೀರ ಕಡಿಮಿ ಕುಡದಿದ್ರಿ. ಆದ್ರ ಏಪ್ರಿಲ್, ಮೇದಾಗ ನನ್ನ ವಾರ್ಡ್ ಹೆಂಗ ತುಂಬತೈತಿ ಅನ್ನೂದನ್ನ ನೀವ ನೋಡೀರಿ."

ನನಗೆ ಆ ಉತ್ತರ ಸಾಕಾಯಿತು. ನನ್ನ ತಪ್ಪೋ, ಅವ್ವನ ತಗಡಿನ ತಪ್ಪೋ ಎಂದು ಮನಸ್ಸಿನಲ್ಲಿ ನಡೆಯುತ್ತಿದ್ದ ವಿಚಾರಣೆಯನ್ನು ಅಲ್ಲಿಗೇ ಬಿಟ್ಟೆ. ಸ್ಕ್ಯಾನಿಂಗ್ ಕೋಣೆಯ ಹೊರಗೆ ಬಾಟಲಿ ಹಿಡಿದು ಕುಳಿತಿರುವ ಯಾರಾದರೂ ಇದನ್ನು ಓದುತ್ತಿದ್ದರೆ, ನೀವೂ ಆ ವಿಚಾರಣೆಯನ್ನು ಬಿಡಬಹುದು. ಪಕ್ಕದಲ್ಲಿ ಕುಳಿತವಳನ್ನು ಮಾತಾಡಿಸಿ. ಅವಳಿಗೂ ನೀರು ಕಡಿಮೆಯಾಗಿದೆ ಎಂದೇ ಹೇಳಿರುತ್ತಾರೆ.

ಮಗಳು ಈಗ ಓಡಾಡುತ್ತಾಳೆ. ವಯಸ್ಸಿಗೆ ಸಣ್ಣವಳೇ, ಆದರೆ ದನಿ ದೊಡ್ಡದು. ಈ ಸಲ ಶಿವರಾತ್ರಿಗೆ ಮೊದಲೇ ಬಿಸಿಲು ಬಂದಿತ್ತು. ಒಂದು ದಿನ ಅತ್ತೆ, ಸಣ್ಣತ್ತೆ, ನಾನು ಅಂಗಳದಲ್ಲಿ ಕುಳಿತು ಹುಣಸೆಹಣ್ಣು ಬಿಡಿಸುತ್ತಿದ್ದೆವು. ಇನ್ನೊಂದು ಆಗಲಿ ಎಂದು ಅತ್ತೆ ಮಾತು ತೆಗೆದರು.

"ಆಗ್ಲಿರಿ," ಎಂದೆ. "ಆದ್ರ ಹೊಟ್ಟಿ ತುಂಬೂ ಹೊತ್ತಿಗೆ ಬ್ಯಾಸಗಿ ಬರಬಾರದು."

"ಹಂಗಾದ್ರ ದೀಪಾವಳಿಗೆ ಹಡಿ," ಎಂದರು ಅತ್ತೆ.

ಸಣ್ಣತ್ತೆ ಬೆರಳು ಮಡಚಿದರು. "ದೀಪಾವಳಿಗೆ ಹಡದ್ರ ವಾಂತಿ ಮಾಡಕೋಳೂ ತಿಂಗಳ ಬಿಸಲಾಗ ಬರತಾವ. ಹನಿ ನೀರ ಹೊಟ್ಟ್ಯಾಗ ನಿಲ್ಲೂದಿಲ್ಲ."

"ಸಂಕ್ರಾಂತಿಗೆ?"

"ಸಂಕ್ರಾಂತಿಗೆ ಹಡದ್ರೂ ಅದ ಹಣೇಬರಾ. ವಾಂತಿ ಸುರು ಆಗೂದ ಮೇದಾಗ."

"ಹೋಳಿ ಹುಣ್ಣಿವಿಗೆ ಹಡದ್ರ?"

"ಎಳೀ ಕೂಸ ಬಿಸಲಾಗ ಬೇಯತೈತಿ, ಬಾಣಂತಿನೂ ಬೇಯತಾಳ."

ಅತ್ತೆ ಹುಣಸೆಬೀಜ ಒಂದನ್ನು ಬುಟ್ಟಿಗೆ ಎಸೆದರು. ಸಣ್ಣತ್ತೆ ಮತ್ತೊಮ್ಮೆ ಮೊದಲಿನಿಂದ ಬೆರಳು ಮಡಚಿ, ನಡುವೆಯೇ ಕೈ ಬಿಚ್ಚಿಬಿಟ್ಟರು. "ಒಂದ ಕೂಸ ಹಡಿಯಾಕ ವರ್ಷದಾಗ ತಿಂಗಳ ಸಾಲವಲ್ವು ನೋಡ ಬೇ," ಎಂದರು.

ಇಬ್ಬರೂ ಜೋರಾಗಿ ನಕ್ಕರು. ನಾನೂ ನಕ್ಕೆ. ನಗು ನಿಂತ ಮೇಲೆ ಮೂವರೂ ಮತ್ತೆ ಹುಣಸೆಹಣ್ಣು ಬಿಡಿಸತೊಡಗಿದೆವು. ನಾನು ಇನ್ನೂ ಏನನ್ನೂ ತೀರ್ಮಾನಿಸಿಲ್ಲ.